ಎರಡರಿಂದ ಮೂರು

"ಯೋಚನೆ ಮಾಡೋಕೆ ರಜೆ! ಕೇಳಿದ್ಯೇನೇ? ಹೊಟ್ಟೆನೋವಿಗಲ್ಲ, ಜ್ವರಕ್ಕಲ್ಲ, ಸುಮ್ನೆ ಕೂತು ಯೋಚನೆ ಮಾಡೋಕೆ ರಜೆ ಬೇಕಂತೆ ಈ ಮಹಾರಾಣಿಗೆ!"

ಟೈಲರ್ ಮಾಸ್ಟರು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆಗಳು ಉರುಳಿ ಕೆಳಗೆ ಬಿದ್ದವು. ಅವರ ಹೆಂಡತಿ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತಲಿಲ್ಲ. ಕಾಲರಿನ ಮೂಲೆ ತಿರುಗಿಸುವಾಗ ಭೂಕಂಪವಾದರೂ ಅವಳು ತಲೆ ಎತ್ತುವವಳಲ್ಲ.

"ರಜೆ ಅಂತ ಯಾರಂದ್ರು? ದಿನಕ್ಕೆ ಒಂದು ಗಂಟೆ ಅಂದೆ. ಎರಡರಿಂದ ಮೂರು," ಎಂದಳು ತಂಗಿ. ಅವಳು ಬಾಗಿಲ ಪಕ್ಕದ ಗಿಡ್ಡ ಸ್ಟೂಲಿನ ಮೇಲೆ ಕೂತು ಅಂಗಿಯೊಂದರ ಗುಂಡಿತೂತಿಗೆ ಕಾಜಾ ಹಾಕುತ್ತಿದ್ದಳು.

"ಆ ಒಂದು ಗಂಟೇಲಿ ಏನು ಕಡಿದು ಕಟ್ಟೆ ಹಾಕ್ತೀಯ?"

"ಹೇಳಿದ್ನಲ್ಲ ಅಣ್ಣ. ನನ್ನ ಬದುಕು ಹೇಗಿದ್ರೆ ಚೆನ್ನ ಅಂತ ಯೋಚಿಸ್ತೀನಿ."

"ಹೇಗಿದ್ರೆ ಅಂದ್ರೆ? ಈಗ ಇದೆಯಲ್ಲ, ಹೀಗೇ!"

"ಅದನ್ನೇ ನೋಡ್ಬೇಕು."

"ನೋಡೋಕೇನಿದೆ? ಊಟ ಇಲ್ವಾ? ಸೂರು ಇಲ್ವಾ? ಅತ್ತಿಗೆ ಬೈತಾಳಾ?"

"ಬೈಯೋದು ನೀನು," ಎಂದಳು ತಂಗಿ ನೂಲು ಕಚ್ಚಿ ತುಂಡರಿಸುತ್ತ.

ಮೆಷಿನ್ ನಿಂತಿತು. ಹೆಂಡತಿ ಕೆಮ್ಮಿದಳು. ಅದು ಕೆಮ್ಮಲ್ಲ, ನಗು ಎಂಬುದು ಮಾಸ್ಟರಿಗೆ ಇಪ್ಪತ್ತೆಂಟು ವರ್ಷದ ಸಂಸಾರದಿಂದ ಗೊತ್ತಿತ್ತು.

ಇದಕ್ಕೆಲ್ಲ ಮೂಲ ಒಂದು ಹರಕು ಕಾಗದ. ಹಿಂದಿನ ದಿನ ಗುಂಡಿಗಳ ಪೊಟ್ಟಣ ಬಿಚ್ಚಿದಾಗ ಅದರ ಕಾಗದ ಯಾವುದೋ ಪತ್ರಿಕೆಯ ಹಾಳೆಯಾಗಿತ್ತು. ತಂಗಿ ಏನು ಕಂಡರೂ ಓದುವವಳು, ಇದನ್ನೂ ಓದಿದಳು. 'ನೀವು ಎಲ್ಲರಿಗೂ ಸಮಯ ಕೊಡುತ್ತೀರಿ. ನಿಮ್ಮ ಬದುಕು ಹೇಗಿರಬೇಕೆಂದು ಕೂತು ಯೋಚಿಸಲು ಎಂದಾದರೂ ಸಮಯ ಮಾಡಿಕೊಂಡಿದ್ದೀರಾ? ಮೊದಲನೆಯದು: ದಿನಕ್ಕೆ ಒಂದು ಗಂಟೆ ನಿಮಗಾಗಿಯೇ ಎತ್ತಿಡಿ. ಎರಡನೆಯದು:' ಎಂದು ಬರೆದಿತ್ತು. ಅಲ್ಲಿಗೆ ಕಾಗದ ಹರಿದಿತ್ತು. ಎರಡನೆಯದು ಏನೆಂದು ಆ ಗುಂಡಿ ಅಂಗಡಿಯವನಿಗೇ ಗೊತ್ತು. ತಂಗಿ ಪಾಪ, ಸಿಕ್ಕಿದ ಮೊದಲನೆಯದನ್ನೇ ಹಿಡಿದುಕೊಂಡಳು.

"ಕಾಜಾ ಹಾಕುವಾಗ ಯೋಚಿಸು!" ಎಂದರು ಮಾಸ್ಟರು. "ಕೈ ಕೆಲಸ ಮಾಡ್ತಿರುತ್ತೆ, ತಲೆ ಖಾಲಿ ಇರುತ್ತೆ. ಬಾಡಿಗೆ ಇಲ್ಲದ ಜಾಗ."

"ಒಂದು ಕಾಜಾಕ್ಕೆ ಇಪ್ಪತ್ತೆರಡು ಹೊಲಿಗೆ. ಎಣಿಸದೆ ಹಾಕಿದ್ರೆ ಒಂದು ಕಡೆ ಬಾಯಿ ಬಿಟ್ಕೊಳ್ಳುತ್ತೆ. ಎಣಿಸೋ ತಲೇಲಿ ಬದುಕು ಹೊಕ್ಕರೆ ಬೈಯೋದು ಯಾರು? ನೀನೇ."

ಇದು ನಿಜ. ಮಾಸ್ಟರಿಗೆ ನಿಜ ಕೇಳಿದರೆ ಕೋಪ ಇನ್ನೂ ಹೆಚ್ಚು ಬರುತ್ತಿತ್ತು. ಆದರೆ ಕೋಪದ ಒಳಗೆ ಒಂದು ಭಯ ಕೂತಿತ್ತು, ಅದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ಅಮ್ಮ ತೀರಿಕೊಂಡ ವರ್ಷ, ಶಾಲೆಯ ಬಟ್ಟೆ ಹೊಲಿಯುವ ಎರಡು ತಿಂಗಳ ಮಟ್ಟಿಗೆಂದು ಬಂದ ತಂಗಿ ಇಪ್ಪತ್ತಾರು ವರ್ಷ ಉಳಿದಿದ್ದಳು. ಉಳಿ ಎಂದು ಯಾರೂ ಹೇಳಿರಲಿಲ್ಲ, ಹೋಗುತ್ತೀಯಾ ಎಂದು ಯಾರೂ ಕೇಳಿರಲಿಲ್ಲ. ಕೇಳದೆ ಇದ್ದುದರಿಂದಲೇ ಎಲ್ಲ ಸಲೀಸಾಗಿ ನಡೆದಿತ್ತು. ಈಗ ಅವಳೇ ಕೂತು ತನ್ನನ್ನು ತಾನು ಕೇಳಿಕೊಂಡರೆ? ಅವಳ ಕೈಯ ಕಾಜಾ ಈ ಊರಲ್ಲಿ ಇನ್ನೊಬ್ಬರಿಗೆ ಬರುವುದಿಲ್ಲ. ಅದಕ್ಕಿಂತ, ಬೆಳಿಗ್ಗೆ ಎದ್ದರೆ ಮೊದಲು ಬೈಯಲು ಸಿಗುವವಳು ಅವಳೇ. ಬೈಯಲು ಜನ ಇಲ್ಲದ ಮನೆ ಮಾಸ್ಟರಿಗೆ ಮನೆಯಂತೆ ಕಾಣುತ್ತಿರಲಿಲ್ಲ.

"ಕೊಡ್ರೀ ಒಂದು ಗಂಟೆ," ಎಂದಳು ಹೆಂಡತಿ. "ಗಂಟೆ ಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಶಾಲೆಯ ಮುನ್ನೂರು ಅಂಗಿ ಇದಾವೆ! ಅಂಗಿಗೆ ಏಳು ಕಾಜಾ! ಅದರ ಮೇಲೆ ಹುಡುಗೀರ ಪಿನಫೋರು!"

"ಹಾಗಾದ್ರೆ ತಾರೀಖು ಹೇಳಿ. ಗಿರಾಕಿಗಳಿಗೆ ಹೇಳ್ತೀರಲ್ಲ, ಹಾಗೆ."

ತಾರೀಖು ಎಂಬ ಮಾತು ಕೇಳಿದೊಡನೆ ಮಾಸ್ಟರ ಕೈ ತಾನಾಗಿಯೇ ಚೀಟಿ ಪುಸ್ತಕಕ್ಕೆ ಹೋಯಿತು. ಮೂವತ್ತು ವರ್ಷದ ಅಭ್ಯಾಸ. 'ಒಂದು ಗಂಟೆ, ದಿನವಹಿ. ಡೆಲಿವರಿ ಹದಿನೈದನೇ ತಾರೀಖು' ಎಂದು ಬರೆದು, ಹರಿದು, ತಂಗಿಯ ಕೈಗೆ ಕೊಟ್ಟರು. ಜಗಳ ಮುಗಿಯಿತು. ಗೆದ್ದವರು ಯಾರೆಂದು ಮಾಸ್ಟರಿಗೆ ಗೊತ್ತಿತ್ತು. ದರ್ಜಿ ಬರೆದುಕೊಟ್ಟ ತಾರೀಖಿಗೆ ಬಟ್ಟೆ ಕೊಟ್ಟ ದಾಖಲೆ ಲೋಕದಲ್ಲಿ ಎಲ್ಲಿದೆ?

ಹದಿನೈದನೇ ತಾರೀಖು ಬಂತು. ಮಧ್ಯಾಹ್ನ ಎರಡಕ್ಕೆ ತಂಗಿ ಸೂಜಿ ಚುಚ್ಚಿಟ್ಟು ಎದ್ದಳು.

"ಅಯ್ಯೋ, ಇವತ್ತಾ?" ಎಂದರು ಮಾಸ್ಟರು, ಯಾವ ಗಿರಾಕಿಗೂ ಹೇಳುವ ಅದೇ ದನಿಯಲ್ಲಿ. "ಸ್ವಲ್ಪದರಲ್ಲಿ ತಪ್ಪೋಯ್ತು ಕಣಮ್ಮ. ನಾಳೆ ಖಂಡಿತ."

ಆ ನಾಳೆ ಬಂದಾಗ ಕರೆಂಟ್ ಹೋಗಿತ್ತು. ಕಾಜಾ ಹಾಕಲು ಕರೆಂಟ್ ಯಾಕೆ ಎಂದು ತಂಗಿ ಕೇಳಿದಳು. ಮರುದಿನ ಡಾಕ್ಟರರ ಕೋಟು ತುರ್ತಾಗಿ ಬಂತು. ಅದರ ಮರುದಿನ, "ಎಲ್ಲ ಆಗಿದೆ, ಇಸ್ತ್ರಿ ಒಂದು ಬಾಕಿ" ಎಂದುಬಿಟ್ಟರು. ಹೇಳಿದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೇ ಹೊಳೆಯಿತು, ಆದರೆ ಬಾಯಿಂದ ಬಿದ್ದ ಮಾತನ್ನು ಹೆಕ್ಕಿಕೊಳ್ಳಲಾಗುವುದಿಲ್ಲ.

"ನನ್ನ ಗಂಟೆಗೆ ಇಸ್ತ್ರಿ ಬೇರೆ ಮಾಡ್ತೀಯಾ ಅಣ್ಣ?" ಎಂದಳು ತಂಗಿ. "ಈ ಸುಳ್ಳೆಲ್ಲ ನಿನ್ನ ಪರವಾಗಿ ಇಪ್ಪತ್ತಾರು ವರ್ಷ ಹೇಳಿದವಳು ನಾನು. ನನಗೇ ಮಾರ್ತೀಯಲ್ಲ."

ಮರುದಿನ ಎರಡು ಗಂಟೆಗೆ ಅವಳು ಹಿಂಬಾಗಿಲಿಂದ ಹೊರಗೆ ಹೋದಳು. ಮಾಸ್ಟರು ನೋಡುತ್ತಿದ್ದಂತೆ ಮನೆ ಸುತ್ತಿ, ರಸ್ತೆಯಿಂದ ಬಂದು, ಮುಂಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗಿರಾಕಿಗಳ ಬೆಂಚಿನ ಮೇಲೆ ಕೂತಳು. ಕೈಯಲ್ಲಿ ಚೀಟಿ ಇತ್ತು.

"ಇದೇನೇ ಇದು?"

"ನಂದೊಂದು ಆರ್ಡರ್ ಇದೆ ಮಾಸ್ಟರೇ. ಹದಿನೈದಕ್ಕೆ ಅಂದಿದ್ರಿ. ಕಾಯ್ತೀನಿ ಬಿಡಿ."

ಬೆಂಚಿನ ಇನ್ನೊಂದು ತುದಿಯಲ್ಲಿ ಶಾಲೆಯ ಡ್ರಿಲ್ ಮೇಷ್ಟ್ರು ಕೂತಿದ್ದರು. ಶಾಲೆಯ ಬಟ್ಟೆಯ ಉಸ್ತುವಾರಿ ಅವರದು. ಕೊರಳಲ್ಲಿ ಸೀಟಿ ನೇತಾಡುತ್ತಿತ್ತು. ಅವರ ಪಕ್ಕ ಬ್ಯಾಂಕಿನ ಗುಮಾಸ್ತ, ಮಡಿಲಲ್ಲಿ ಒಂದು ಪ್ಯಾಂಟು ಇಟ್ಟುಕೊಂಡು. ಆ ಪ್ಯಾಂಟು ಹೊಲಿದ ಮೇಲೆ ಗುಮಾಸ್ತನ ಹೊಟ್ಟೆ ಮುಂದೆ ಬಂದಿತ್ತು, ಪ್ಯಾಂಟು ಮಾತ್ರ ಹಿಂದೆಯೇ ಉಳಿದಿತ್ತು. ಬಿಚ್ಚಿ ದೊಡ್ಡದು ಮಾಡಿಕೊಡಿ ಎಂದು ಅವನು ತಿಂಗಳಿಂದ ಬರುತ್ತಿದ್ದ. 'ಹಳೆ ಬಟ್ಟೆ ಆಲ್ಟರೇಷನ್ ಮಾಡುವುದಿಲ್ಲ' ಎಂಬ ಬೋರ್ಡಿನತ್ತ ಮಾಸ್ಟರು ತಿಂಗಳಿಂದ ಬೆರಳು ತೋರಿಸುತ್ತಿದ್ದರು.

"ಏನು ಆರ್ಡರ್ರು?" ಎಂದು ಕೇಳಿದರು ಡ್ರಿಲ್ ಮೇಷ್ಟ್ರು.

ತಂಗಿ ಹೇಳಿದಳು. ಹೇಳಬಾರದಿತ್ತು. ಇನ್ನೊಬ್ಬರ ಬದುಕು ಹೇಗಿರಬೇಕೆಂದು ಗೊತ್ತಿಲ್ಲದ ಮನುಷ್ಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಬೇಕಷ್ಟೆ.

"ಬೆಳಿಗ್ಗೆ ನಾಲ್ಕಕ್ಕೆ ಏಳಬೇಕು!" ಎಂದರು ಮೇಷ್ಟ್ರು. "ನಾಲ್ಕೂವರೆಗೆ ಓಟ. ಅಷ್ಟು ಮಾಡಿ, ಮಿಕ್ಕಿದ್ದು ತಾನಾಗಿ ಸರಿಹೋಗುತ್ತೆ."

"ನನ್ನ ಕೇಳಿದ್ರೆ ಹತ್ತಕ್ಕೆ ಏಳಬೇಕು," ಎಂದ ಗುಮಾಸ್ತ. "ಎದ್ದಾಗ ಯಾರೂ 'ಈಗ ಎದ್ರಾ' ಅನ್ನಬಾರದು. ಇಷ್ಟು ಸಿಕ್ಕರೆ ಸ್ವರ್ಗ."

"ಅಡುಗೆಮನೆಗೆ ಬಾಗಿಲಿರಬೇಕಮ್ಮ," ಎಂದಳು ಆಗತಾನೆ ಒಳಗೆ ಬಂದ ಒಬ್ಬ ಹೆಂಗಸು, ಬಟ್ಟೆಯ ಗಂಟು ಇಳಿಸುವ ಮೊದಲೇ. "ಬಾಗಿಲಿಗೆ ಒಳಗಿನಿಂದ ಚಿಲಕ."

ಒಂದು ಗಂಟೆಯಲ್ಲಿ ತಂಗಿಗೆ ಏಳು ಬದುಕುಗಳು ಸಿಕ್ಕಿದವು. ಮೂರು ಹೊಡೆದಾಗ ಎದ್ದು, "ನೀವು ಹೇಳಿದ್ದೆಲ್ಲ ಚೆನ್ನಾಗಿದೆ. ಆದ್ರೆ ಎಲ್ಲ ನಿಮ್ಮ ನಿಮ್ಮ ಅಳತೆ. ನನಗೆ ಹಾಕಿದ್ರೆ ಭುಜ ಜಾರುತ್ತೆ," ಎಂದು ಹೇಳಿ, ಚಪ್ಪಲಿ ಮೆಟ್ಟಿ, ಮನೆ ಸುತ್ತಿ ಹಿಂಬಾಗಿಲಿಂದ ಬಂದು ಸ್ಟೂಲಿನ ಮೇಲೆ ಕೂತಳು.

ಮಾಸ್ಟರಿಗೆ ಖುಷಿಯಾಗಿತ್ತು. "ಆಯ್ತಲ್ಲ? ಸಿಕ್ತಲ್ಲ ಗಂಟೆ?"

"ಬೆಂಚಿನ ಮೇಲೆ ಆಗಲ್ಲ. ನಾಳೆಯಿಂದ ಟ್ರಯಲ್ ರೂಮಲ್ಲಿ ಕೂರ್ತೀನಿ."

ಟ್ರಯಲ್ ರೂಮು ಎಂದರೆ ಅಂಗಡಿಯ ಮೂಲೆಗೆ ಅಡ್ಡ ಎಳೆದ ಒಂದು ಪರದೆ. ಅದರ ಹಿಂದೆ ಒಂದು ಉದ್ದ ಕನ್ನಡಿ, ಒಂದು ಕುರ್ಚಿ, ಎರಡು ಮೊಳೆ. ಮಾರನೆಯ ದಿನ ಎರಡಕ್ಕೆ ತಂಗಿ ಒಳಗೆ ಹೋಗಿ ಪರದೆ ಎಳೆದುಕೊಂಡಳು. ಮಾಸ್ಟರು ಬೈದರು. ಪರದೆಗೆ ಬೈದರೆ ಬೈದ ತೃಪ್ತಿ ಬರುವುದಿಲ್ಲ ಎಂಬುದು ಅವರಿಗೆ ಆಗ ಗೊತ್ತಾಯಿತು. ಇಬ್ಬರು ಗಿರಾಕಿಗಳು ಕೋಟು ಹಾಕಿ ನೋಡಲು ಮೂರು ಗಂಟೆಯ ತನಕ ಕಾಯಬೇಕಾಯಿತು.

"ಒಳಗೆ ಯಾರು?"

"ಯೋಚಿಸ್ತಿದ್ದಾರೆ," ಎನ್ನುತ್ತಿದ್ದಳು ಮಾಸ್ಟರ ಹೆಂಡತಿ, ಒಳಗೆ ಯಾರಿಗೋ ಚುಚ್ಚುಮದ್ದು ಕೊಡುತ್ತಿದ್ದಾರೆ ಎನ್ನುವ ಹಾಗೆ.

ಮೂರಕ್ಕೆ ಪರದೆ ಸರಿದಾಗ ಮಾಸ್ಟರಿಗೆ ತಡೆಯಲಾಗಲಿಲ್ಲ. "ಏನು ಹೊಳೀತು?"

"ಪರದೆ ಅಂಚು ಬಿಚ್ಚಿಕೊಂಡಿತ್ತು. ಹೊಲಿದೆ."

ಮಾಸ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನೆಯ ದಿನ ಕನ್ನಡಿ ಒರೆಸಿದ್ದಳು. ಮೂರನೆಯ ದಿನ ನಿದ್ದೆ ಮಾಡಿದ್ದಳು, ಕೆನ್ನೆಯ ಮೇಲೆ ಪರದೆಯ ಗೆರೆ ಮೂಡಿತ್ತು. "ಭಾರಿ ಯೋಚನೆ ಬಿಡಮ್ಮ," ಎಂದು ಮಾಸ್ಟರು ದಾರಿಹೋಕರಿಗೆಲ್ಲ ಹೇಳಿಕೊಂಡು ತಿರುಗಿದರು. ಭಯ ಅರ್ಧ ಇಳಿದಿತ್ತು.

ನಾಲ್ಕನೆಯ ದಿನ ಅವಳು ಪರದೆಯಿಂದ ತಲೆ ಮಾತ್ರ ಹೊರಗೆ ಹಾಕಿ, "ಅಣ್ಣ, ನನಗೆ ಟೀ ಇಷ್ಟನಾ?" ಎಂದು ಕೇಳಿದಳು.

"ಏನು ಪ್ರಶ್ನೆ ಇದು? ದಿನಾ ಕುಡೀತೀಯಲ್ಲ!"

"ಕುಡೀತೀನಿ. ಇಷ್ಟನಾ ಅಂತ ಕೇಳ್ದೆ. ನಿನಗೆ ಬೇಕು ಅಂತ ಅತ್ತಿಗೆ ಮಾಡ್ತಾಳೆ, ಮಾಡಿದ್ದು ಉಳಿಯುತ್ತೆ ಅಂತ ನಾನು ಕುಡೀತೀನಿ. ಅದೂ ಆರಿದ ಮೇಲೆ."

ತಲೆ ಒಳಗೆ ಹೋಯಿತು. ಮಾಸ್ಟರು ಅಳತೆ ಟೇಪನ್ನು ಕೈಗೆ ಸುತ್ತಿಕೊಂಡು ನಿಂತೇ ಇದ್ದರು. ಈ ಪ್ರಶ್ನೆ ಅವರಿಗೆ ಯಾಕೋ ಹಿಡಿಸಲಿಲ್ಲ. ಪರದೆ ಹೊಲಿಯುವುದು, ಕನ್ನಡಿ ಒರೆಸುವುದು, ನಿದ್ದೆ ಮಾಡುವುದು ಸರಿ. ಇದು ಬೇರೆ ದಾರಿ ಹಿಡಿದಂತಿತ್ತು.

"ಏನ್ರೀ, ಮುಖ ಯಾಕೆ ಹಾಗಾಯ್ತು?" ಎಂದಳು ಹೆಂಡತಿ.

"ಏನಿಲ್ಲ. ಅವಳಿಗೆ ಟೀ ಬಿಸಿ ಇದ್ದಾಗಲೇ ಕೊಡು."

ಅಂದೇ ಪರದೆಯೊಳಗೆ ಬಿಸಿ ಟೀ ಹೋಯಿತು. ಅವಳು ಒಂದು ಗುಟುಕು ಕುಡಿದು, "ಇಷ್ಟ ಇಲ್ಲ," ಎಂದು ಲೋಟ ಕೆಳಗಿಟ್ಟಳು. ಬೇಸರದಿಂದಲ್ಲ. ಕಳೆದುಹೋದ ಸೂಜಿ ಸಿಕ್ಕಿದ ಹಾಗೆ, ಸಂತೋಷದಿಂದ.

ಆಮೇಲೆ ಅವಳಿಗೆ ಪೆನ್ಸಿಲು ಬೇಕಾಯಿತು. ಪ್ಯಾಟರ್ನು ಬರೆಯುವ ಖಾಕಿ ಕಾಗದ ಬೇಕಾಯಿತು. ಒಂದು ದಿನ ಎರಡಕ್ಕೆ ಅಳತೆ ಟೇಪು ಹೆಗಲಿಗೆ ಹಾಕಿಕೊಂಡು ಹೊರಗೇ ಹೋದವಳು ಸರಿಯಾಗಿ ಮೂರಕ್ಕೆ ಬಂದಳು. ಎಲ್ಲಿಗೆ ಎಂದು ಮಾಸ್ಟರು ಕೇಳಬೇಕೆಂದುಕೊಂಡರು. ಆದರೆ ಅಂದು ಬೆಳಿಗ್ಗೆ ತಾನೆ ಅವಳ ಜೊತೆ ಮಾತು ಬಿಟ್ಟಿದ್ದರು, ಅಷ್ಟು ಬೇಗ ಹೇಗೆ ಕೇಳುವುದು? ಮಾನ ಮರ್ಯಾದೆ ಇರುವ ಮನುಷ್ಯ ಸಂಜೆಯ ತನಕವಾದರೂ ಮಾತು ಬಿಡಬೇಕು. ಸಂಜೆಯ ಹೊತ್ತಿಗೆ ಮರೆತುಹೋಯಿತು.

ಪಿನಫೋರಿನ ಸರದಿ ಬಂತು. ಡ್ರಿಲ್ ಮೇಷ್ಟ್ರು ಈ ವರ್ಷ ಹೊಸ ಮಾದರಿ ತಂದಿದ್ದರು. ಎದೆಯ ಭಾಗಕ್ಕೆ ಬೇರೆಯೇ ತುಂಡು, ಅದಕ್ಕೆ ಒಂದು ಸೊಟ್ಟ ಅಂಚು. ಇದರ ಪ್ಯಾಟರ್ನು ಬರೆದು ಗೋಡೆಯ ಮೊಳೆಗೆ ಸಿಕ್ಕಿಸು ಎಂದು ಮಾಸ್ಟರು ಹೆಂಡತಿಗೆ ಹೇಳಿದ್ದರು. ಅವಳು ಬರೆದು ಸಿಕ್ಕಿಸಿದಳು. ಮಾಸ್ಟರು ಕಡು ನೀಲಿ ಬಟ್ಟೆಯನ್ನು ಹನ್ನೆರಡು ಪದರ ಮಡಿಸಿ ಮೇಜಿನ ಮೇಲೆ ಹಾಸಿದರು. ಮೊಳೆಯಿಂದ ಕಾಗದ ತೆಗೆದರು, ಬಟ್ಟೆಯ ಮೇಲಿಟ್ಟರು, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಕನ್ನಡಕ ಹಣೆಯ ಮೇಲಿತ್ತು. ಬಾಯಿ ಆ ಹೊತ್ತಿನಲ್ಲಿ ಗುಮಾಸ್ತನಿಗೆ ಬೋರ್ಡು ಓದಿ ಹೇಳುತ್ತಿತ್ತು.

"ಓದೋಕೆ ಬರುತ್ತಲ್ಲ ನಿಮಗೆ? ಬ್ಯಾಂಕಲ್ಲಿ ಕೆಲಸ ಮಾಡ್ತೀರಲ್ಲ? 'ಮಾಡುವುದಿಲ್ಲ' ಅಂದ್ರೆ ಏನರ್ಥ?"

"ಎರಡೇ ಇಂಚು ಮಾಸ್ಟರೇ."

"ಎರಡು ಇಂಚಲ್ಲ, ಎರಡು ನೂಲೂ ಇಲ್ಲ! ಕತ್ತರಿ ಹಾಕಿದ ಮೇಲೆ ಮುಗೀತು. ನನ್ನ ಕತ್ತರಿ ತಪ್ಪಲ್ಲ!"

ಹೀಗೆ ಹೇಳುತ್ತ ಅವರು ಕತ್ತರಿಸಿದರು. ಹನ್ನೆರಡು ಪದರವೂ ಬೆಣ್ಣೆಯಂತೆ ಹೋಯಿತು. ಗುಮಾಸ್ತ ಪ್ಯಾಂಟು ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದ. ಮಾಸ್ಟರು ತುಂಡುಗಳನ್ನು ಹೆಂಡತಿಯ ಮೆಷಿನ್ನಿನ ಪಕ್ಕ ಇಟ್ಟು, ಎದೆ ಸೆಟೆದು ನಿಂತರು.

ಹೆಂಡತಿ ಒಂದನ್ನು ಎತ್ತಿ ಹಿಡಿದಳು. ತಿರುಗಿಸಿದಳು. ಮತ್ತೆ ತಿರುಗಿಸಿದಳು.

"ರೀ, ಈ ಮಗುವಿನ ಕತ್ತು ಯಾವ ಕಡೆಯಿಂದ ಬರುತ್ತೆ?"

"ಯಾವ ಮಗು?"

"ಇದನ್ನ ಹಾಕ್ಕೊಳ್ಳೋ ಮಗು. ನಾಲ್ಕು ಮೂಲೆ ಇದೆ. ಒಂದು ಕಡೆ ಕಚ್ಚು, ಇನ್ನೊಂದು ಕಡೆ ಹಿಂದಕ್ಕೆ ಒಂದು ಬಾಲ. ಇದು ಮಗುನಾ, ಮೇಜಾ?"

"ನೀನೇ ಬರೆದ ಪ್ಯಾಟರ್ನು! ಬರೆಯೋದು ಬರೆದು ಈಗ ನನ್ನ ಕೇಳ್ತೀಯ?"

"ನಂದು ಅಲ್ಲೇ ಮೊಳೇಲಿದೆ ನೋಡಿ. ನೀವು ತೆಗೆದಿದ್ದು ಅದರ ಮೇಲಿದ್ದದ್ದು."

ಮಾಸ್ಟರು ಕನ್ನಡಕ ಇಳಿಸಿಕೊಂಡರು. ಮೊಳೆಯಲ್ಲಿ ಒಂದು ಕಾಗದ ಇನ್ನೂ ನೇತಾಡುತ್ತಿತ್ತು, ಸೊಟ್ಟ ಅಂಚಿನದು. ಮೇಜಿನ ಮೇಲಿದ್ದ ಕಾಗದದಲ್ಲಿ 'ಮುಂದೆ' 'ಹಿಂದೆ' ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು, ಅಂಗಿಯ ಪ್ಯಾಟರ್ನಿನಲ್ಲಿ ಬರೆಯುವ ಹಾಗೆಯೇ. ಅಕ್ಷರ ತಂಗಿಯದು.

"ಇದೇನೇ?" ಎಂದು ಗುಡುಗಿದರು. "ಪ್ಯಾಟರ್ನ್ ಹಾಕೋ ಮೊಳೇಲಿ ಇದನ್ನ ಸಿಕ್ಕಿಸಿದ್ದು ಯಾಕೆ? ಹನ್ನೆರಡು ಪದರ ಹಾಳಾಯ್ತು! ಏನಿದು, ಚೀಲನಾ?"

ತಂಗಿ ಸ್ಟೂಲಿನಿಂದ ಎದ್ದು ಬಂದಳು. ಮೊದಲು ಅವಳ ಬಾಯಿ ತೆರೆದುಕೊಂಡಿತು, ಆಮೇಲೆ ಮುಖವೆಲ್ಲ ಕೆಂಪಾಯಿತು, ಆಮೇಲೆ ನಗಲು ಶುರುಮಾಡಿದಳು. ನಕ್ಕು ನಕ್ಕು ಮೇಜಿನ ಅಂಚು ಹಿಡಿದುಕೊಂಡಳು.

"ಅಣ್ಣ, ಅದು ಕೋಣೆ."

"ಏನು?"

"ಒಂದು ಅಡಿಗೆ ಒಂದು ಇಂಚಿನ ಹಾಗೆ ಬರೆದೆ. ನಾನೇನು ಮನೆ ಕಟ್ಟೋ ಇಂಜಿನಿಯರಾ? ನನಗೆ ಬರೋದು ಹೀಗೇ. ಅಭ್ಯಾಸಬಲ, ಅದೇ ಮೊಳೆಗೆ ಸಿಕ್ಕಿಸಿಬಿಟ್ಟೆ." ಅವಳು ಒಂದು ನೀಲಿ ತುಂಡನ್ನು ಮೇಜಿನ ಮೇಲೆ ಹರಡಿ ಬೆರಳಿಟ್ಟಳು. "ಈ ಕಚ್ಚು ಬಾಗಿಲು. ಈ ಕಡೆ ಕಿಟಕಿ. ಕಿಟಕಿ ಹತ್ತಿರ ಮೇಜು, ನನ್ನ ಎತ್ತರಕ್ಕೆ. ನಿನ್ನ ಮೇಜು ನನ್ನ ಎದೆಗೆ ಬರುತ್ತೆ. ಇಲ್ಲಿ ಬೆನ್ನು ಒರಗಿಸೋ ಕುರ್ಚಿ. ಈ ಬಾಲ ಅಂದ್ಯಲ್ಲ ಅತ್ತಿಗೆ, ಅದು ಒಲೆ ಇಡೋ ಜಾಗ."

ಹನ್ನೆರಡು ಪದರ ಕಡು ನೀಲಿ ಕೋಣೆಗಳು ಮೇಜಿನ ಮೇಲೆ ಬಿದ್ದಿದ್ದವು. ಮಾಸ್ಟರು ಅವುಗಳನ್ನು ನೋಡಿದರು. ಅವರ ಕತ್ತರಿ ತಪ್ಪಿರಲಿಲ್ಲ, ಗೆರೆಯ ಮೇಲೇ ಹೋಗಿತ್ತು.

"ನಮ್ಮನೇಲಿ ಇಂಥ ಕೋಣೆ ಎಲ್ಲಿದೆ?" ಎಂದು ಕೇಳಿದರು.

"ನಮ್ಮನೇಲಿ ಇಲ್ಲ."

ಮಾಸ್ಟರು ಹೆಂಡತಿಯ ಮುಖ ನೋಡಿದರು. ಅವಳು ಮೆಷಿನ್ನಿನಿಂದ ನೂಲಿನ ಬಾಬಿನ್ ತೆಗೆದು, ನೋಡಿ, ಮತ್ತೆ ಅಲ್ಲೇ ಹಾಕಿದಳು.

"ಗುಮಾಸ್ತರ ಮನೆ ಮುಂದಿನ ಕೋಣೆ," ಎಂದಳು ತಂಗಿ. "ಖಾಲಿ ಬಿದ್ದಿದೆಯಂತೆ. ಮೂರು ರಸ್ತೆ ಆಚೆ. ಅವತ್ತು ಅಳತೆ ತೊಗೊಂಡು ಬಂದೆ."

"ಅಲ್ಲಿ ಕೂತು ಏನು ಮಾಡ್ತೀಯ? ಅಲ್ಲೂ ಯೋಚನೆನಾ?"

"ಹಳೆ ಬಟ್ಟೆ ಸರಿ ಮಾಡ್ತೀನಿ. ಬಿಗಿಯಾಗಿದ್ದು ಬಿಡಿಸೋದು, ಸಡಿಲ ಆಗಿದ್ದು ಹಿಡಿಸೋದು, ಹರಿದಿದ್ದು ಕೂಡಿಸೋದು. ನನಗೆ ಅದು ಇಷ್ಟ ಅಣ್ಣ. ಮೊದಲಿಂದಲೂ ಇಷ್ಟ. ನಮ್ಮ ಅಂಗಡೀಲಿ ಮಾಡಲ್ಲ ಅಲ್ವಾ, ಅದಕ್ಕೆ ನನಗೇ ಗೊತ್ತಾಗಿರಲಿಲ್ಲ."

ಮಾಸ್ಟರು ಹೊರಗೆ ಹೋಗಿ, ರಸ್ತೆಯಲ್ಲಿ ನಿಂತು, ತಮ್ಮದೇ ಬೋರ್ಡನ್ನು ಮೇಲಿಂದ ಕೆಳಗೆ ಎರಡು ಸಲ ಓದಿದರು.

ಅಂದಿನಿಂದ ಶಾಲೆಯ ಬಟ್ಟೆ ಮುಗಿಯುವ ತನಕ ಮಾಸ್ಟರು ಕೋಪ ಮಾಡಿಕೊಳ್ಳಲಿಲ್ಲ. ಅದು ಎಲ್ಲರಿಗೂ ಹಿಂಸೆಯಾಯಿತು. ಒಂದು ದಿನ ಬೆನ್ನು ಒರಗಿಸುವ ಕುರ್ಚಿ ಹೊತ್ತು ತಂದು ಸ್ಟೂಲಿನ ಜಾಗದಲ್ಲಿ ಇಟ್ಟರು. ಇನ್ನೊಂದು ದಿನ, ಹಿಂದಿನ ಗೋಡೆಗೆ ಕಿಟಕಿ ಒಡೆಸೋಣ ಎಂದು ಗಾರೆಯವನನ್ನು ಕರೆತಂದರು. ಆ ಗೋಡೆಯ ಆಚೆ ಪಕ್ಕದವರ ಬಚ್ಚಲುಮನೆ ಇದೆ ಎಂದು ಹೆಂಡತಿ ನೆನಪಿಸಿದಳು. ಮೇಜಿನ ಕಾಲನ್ನು ನಾಲ್ಕು ಇಂಚು ಕೊಯ್ಯಿಸುತ್ತೇನೆ ಎಂದರು.

"ಕೊಯ್ದ್ರೆ ನಿನ್ನ ಸೊಂಟ ಹೋಗುತ್ತೆ," ಎಂದಳು ತಂಗಿ. "ನೀನು ಆಳೆತ್ತರ ಇದೀಯ."

"ನಿನಗೆ ಬೇಕಾದ್ದನ್ನೆಲ್ಲ ಇಲ್ಲೇ ಮಾಡ್ಕೊಡ್ತೀನಿ ಅಂತಿದೀನಲ್ಲ! ಇನ್ನೇನು ಬೇಕು?"

"ಇದಕ್ಕೆ ಏನಂತಾರೆ ಹೇಳು ಅಣ್ಣ? ಆಲ್ಟರೇಷನ್. ನಿನಗೆ ಅದು ಬರಲ್ಲ. ನೀನು ಹೊಸದು ಹೊಲಿಯೋ ಮನುಷ್ಯ."

ಹೆಂಡತಿ ಕೆಮ್ಮಲಿಲ್ಲ ಈ ಸಲ.

"ನೀನಾದ್ರೂ ಹೇಳೇ," ಎಂದು ಮಾಸ್ಟರು ಅವಳನ್ನು ಒಳಗೆ ಕರೆದು ಮೆಲ್ಲಗೆ ಹೇಳಿದರು. "ನಿನ್ನ ಮಾತು ಕೇಳ್ತಾಳೆ."

"ಏನಂತ ಹೇಳ್ಲಿ?"

"ಒಬ್ಬಳೇ ಇರೋಕೆ ಆಗಲ್ಲ ಅಂತ."

"ಅವಳಿಗೆ ಆಗುತ್ತೆ. ಆಗದೆ ಇರೋದು ನಿಮಗೆ," ಎಂದಳು ಹೆಂಡತಿ. "ಅದನ್ನ ಬೇಕಾದ್ರೆ ನೀವೇ ಹೇಳಿ. ಒಂದು ಸಲ ಹೇಳಿ ನೋಡಿ. ನಿಂತ್ರೂ ನಿಂತಾಳು."

ಊರಿನವರ ಎದೆ, ಸೊಂಟ, ತೋಳಿನ ಅಳತೆ ಮಾಸ್ಟರಿಗೆ ಬಾಯಿಪಾಠ. ಈ ಒಂದು ಸಾಲು ಮಾತ್ರ ಇನ್ನೂ ಪಾಠವಾಗಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡರು.

ಆ ನಾಳೆ ಶಾಲೆಯ ಕೊನೆಯ ಗಂಟು ಹೋಗುವ ದಿನವಾಗಿತ್ತು. ಡ್ರಿಲ್ ಮೇಷ್ಟ್ರು ಪಿನಫೋರುಗಳನ್ನು ಎಣಿಸಿ, ಗಾಡಿಗೆ ಹೇರಿಸಿ, ಸೀಟಿ ಊದಿ ಹೊರಟರು. ಅಂಗಡಿ ಬೋಳು ಬೋಳಾಗಿ ಕಾಣುತ್ತಿತ್ತು. ಮಧ್ಯಾಹ್ನದ ಊಟವಾಗಿತ್ತು. ತಂಗಿ ತನ್ನ ಸೂಜಿಡಬ್ಬಿಯನ್ನು ಒಂದು ಬಟ್ಟೆಯಲ್ಲಿ ಸುತ್ತುತ್ತ ಹೇಳಿದಳು:

"ಅಣ್ಣ, ಕೋಣೆ ಗುಡಿಸಿ ಸಾರಿಸಿ ಬಂದಿದ್ದೀನಿ. ಬಡಗಿ ಮೇಜು ತಂದಿಟ್ಟಿದ್ದಾನೆ. ಎತ್ತರ ಸರಿ ಇದೆಯಾ ಅಂತ ಒಂದ್ಸಲ ಬಂದು ನೋಡ್ತೀಯಾ? ನೀನು ನೋಡಿದ್ರೆ ನನಗೆ ಧೈರ್ಯ."

ಮಾಸ್ಟರು ಬೆಳಗಿನಿಂದ ಆ ಒಂದು ಸಾಲನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಕಾಯುತ್ತಿದ್ದರು. ಗಿರಾಕಿಗಳೆಲ್ಲ ಹೋಗಲಿ, ಹೆಂಡತಿ ಒಳಗೆ ಹೋಗಲಿ, ಹೇಳುತ್ತೇನೆ ಎಂದು. ಈಗ ಅವಳು ಮೇಜಿನ ಎತ್ತರ ನೋಡಲು ಕರೆಯುತ್ತಿದ್ದಾಳೆ! ಸಾಲು ಎಲ್ಲೋ ಬಿದ್ದುಹೋಯಿತು. ಎರಡು ವಾರ ಕಟ್ಟಿಟ್ಟ ಕೋಪ ಕಟ್ಟೆ ಒಡೆಯಿತು.

"ಮೇಜು ನೋಡೋಕೆ ನಾನು ಬರಬೇಕಾ? ನನ್ನ ಮೇಜಿನ ಮೇಲೆ ಇಪ್ಪತ್ತಾರು ವರ್ಷ ಅನ್ನ ತಿಂದು, ಈಗ ಬೇರೆ ಮೇಜು ಚೆನ್ನಾಗಿದೆ ಅಂತ ನಾನೇ ಬಂದು ಹೇಳಬೇಕಾ? ಯಾರೋ ಹರಕು ಕಾಗದದಲ್ಲಿ ಬರೆದ ಅಂತ ಬದುಕು ಬದಲಾಯಿಸ್ತಾಳಂತೆ! ಹೋಗು! ಹೋಗೋದಿದ್ರೆ ಈಗಲೇ ಹೋಗು! ನಿನ್ನ ಮುಖ ತೋರಿಸಬೇಡ!"

ಹೋಗು ಎಂಬುದು ಮಾಸ್ಟರಿಗೆ ಉಸಿರಾಟದಷ್ಟೇ ಸಹಜವಾದ ಮಾತು. ಹೆಂಡತಿಗೆ ಹೇಳುತ್ತಿದ್ದರು, ಗಿರಾಕಿಗಳಿಗೆ ಹೇಳುತ್ತಿದ್ದರು, ಮೆಷಿನ್ ರಿಪೇರಿಯವನಿಗೆ ಹೇಳುತ್ತಿದ್ದರು, ಬಾಗಿಲಲ್ಲಿ ಮಲಗುವ ಬೆಕ್ಕಿಗೂ ಹೇಳುತ್ತಿದ್ದರು. ಯಾರೂ ಹೋದದ್ದಿಲ್ಲ. ಬೆಕ್ಕು ಕೂಡ ಮಗ್ಗುಲು ಬದಲಾಯಿಸಿ ಮಲಗುತ್ತಿತ್ತು.

ತಂಗಿ ಅಣ್ಣನ ಮುಖವನ್ನು ಒಂದು ಗಳಿಗೆ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತೋ ನಗುವಿತ್ತೋ ಮಾಸ್ಟರಿಗೆ ತಿಳಿಯಲಿಲ್ಲ, ಏಕೆಂದರೆ ಅವರು ಆಗಲೇ ತಿರುಗಿ ನಿಂತು ಖಾಲಿ ಮೇಜಿನ ಮೇಲೆ ಇಲ್ಲದ ಬಟ್ಟೆಯನ್ನು ನೀವಿ ಸರಿಮಾಡುತ್ತಿದ್ದರು. ಚಪ್ಪಲಿಯ ಸದ್ದು ಕೇಳಿತು. ಅತ್ತಿಗೆಗೆ ಏನೋ ಹೇಳಿದಳು. ಅತ್ತಿಗೆ, "ಇದೊಂದು ಇಟ್ಕೊ," ಎಂದು ಏನೋ ಕೊಟ್ಟಳು. ಆಮೇಲೆ ಏನೂ ಕೇಳಲಿಲ್ಲ.

"ಹೊರಟೇಬಿಟ್ಟಳು," ಎಂದಳು ಹೆಂಡತಿ ಬಾಗಿಲಿನಿಂದ.

"ಬರ್ತಾಳೆ ಬಿಡೇ. ಗಂಟೆ ಎಷ್ಟು?"

"ಎರಡು."

"ಮೂರಕ್ಕೆ ಬರ್ತಾಳೆ."

ಮೂರಾಯಿತು. ಮಾಸ್ಟರು ಕತ್ತರಿಗೆ ಎಣ್ಣೆ ಹಾಕಿದರು. ಮೂರೂವರೆಗೆ ಬಾಗಿಲಲ್ಲಿ ನೆರಳು ಬಿದ್ದಿತು, "ಬಂದ್ಯಾ?" ಎಂದು ತಲೆ ಎತ್ತದೆ ಕೇಳಿದರು. ಬಂದವನು ಗುಮಾಸ್ತ. ಪ್ಯಾಂಟು ಈ ಸಲ ಕಂಕುಳಲ್ಲಿರಲಿಲ್ಲ, ಮೈಮೇಲಿತ್ತು, ಸರಿಯಾಗಿ ಕೂತಿತ್ತು. ಕರವಸ್ತ್ರ ಬಿಟ್ಟುಹೋಗಿದ್ದೆ ಎಂದು ಅದನ್ನು ತೆಗೆದುಕೊಂಡು ಬೇಗ ಬೇಗ ಹೊರಟುಹೋದ.

ನಾಲ್ಕಕ್ಕೆ ಹೆಂಡತಿ ಟೀ ತಂದಳು. ಎರಡೇ ಲೋಟ.

"ಕನ್ನಡಕ ಬಿಟ್ಟುಹೋಗಿರ್ತಾಳೆ," ಎಂದರು ಮಾಸ್ಟರು. "ಅದಕ್ಕಾದ್ರೂ ಬರಬೇಕು."

"ಮೂಗಿನ ಮೇಲಿತ್ತು."

"ಬಟ್ಟೆಬರೆ?"

"ನಿನ್ನೆನೇ ಒಯ್ದಳು. ನೀವು ಗಾರೆಯವನ ಜೊತೆ ಗೋಡೆ ನೋಡ್ತಿದ್ರಿ."

ಮಾಸ್ಟರು ಟೀ ಕುಡಿಯಲಿಲ್ಲ. ಬಾಗಿಲಿಗೆ ಬಂದು ನಿಂತರು. ರಸ್ತೆಯ ತುದಿಯ ತನಕ ಕಾಣುತ್ತಿತ್ತು. ಒಬ್ಬಳು ಹೆಂಗಸು ತರಕಾರಿ ಚೀಲ ಹಿಡಿದು ಬಂದಳು, ಅವಳಲ್ಲ. ಇಬ್ಬರು ಹುಡುಗಿಯರು ಹೊಸ ನೀಲಿ ಪಿನಫೋರು ಹಾಕಿಕೊಂಡು ಹಾದುಹೋದರು. ಅವರ ಭುಜದ ಕಾಜಾ ದೂರದಿಂದಲೂ ಅಚ್ಚುಕಟ್ಟಾಗಿ ಕಾಣುತ್ತಿತ್ತು.

"ಮೂರೇ ರಸ್ತೆ," ಎಂದಳು ಹೆಂಡತಿ ಹಿಂದಿನಿಂದ. "ಹೋಗಿ ಬರಬಾರದಾ?"

"ನಾನ್ಯಾಕೆ ಹೋಗ್ಲಿ? ಹೋದವಳು ಅವಳು."

"ನೀವೇ ಹೋಗು ಅಂದ್ರಲ್ಲ."

"ಅಂದೆ ಕಣೇ, ಅಂದೆ!" ಮಾಸ್ಟರು ತಿರುಗಿದರು. ಬಾಗಿಲ ಚೌಕಟ್ಟಿಗೆ ಒರಗಿ ಮೆಲ್ಲಗೆ ಕೇಳಿದರು: "ನಾನು ಅಂದಿದ್ದನ್ನ ಈ ಮನೇಲಿ ಯಾವತ್ತು ಯಾರು ಕೇಳಿದ್ದಾರೆ?"